ಅತ್ತೆ ಮರ್ಫಿ ಅಂದ ರೇಡಿಯೋ

ತೀರ್ಥಹಳ್ಳಿ ಕಡೆಯ ಸೋದರಮಾವನ ಮನೆಯ ಹೆಂಚನ್ನು ಕಳೆದ ವರ್ಷ ಬದಲಿಸಿದರು. ಅದಕ್ಕಾಗಿ ಅಟ್ಟ ಖಾಲಿ ಮಾಡುವಾಗ ಮುರಿದ ಮೆಟ್ಟುಗತ್ತಿ, ತಳ ಹೋದ ಹಂಡೆ, ತೊಟ್ಟಿಲಿನ ಕಾಲುಗಳ ಜೊತೆಗೆ ಗೋಣಿಚೀಲ ಸುತ್ತಿದ ಒಂದು ರೇಡಿಯೋ ಇಳಿದು ಬಂತು. ಮಾವ ಹೋಗಿ ಒಂಬತ್ತು ವರ್ಷ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಅವರಿಗೆ ಅದು ಬೇಡ. "ನೀನೇ ತಗೊಂಡು ಹೋಗು ಮಾರಾಯ, ನಿಂಗೆ ಇಂಥದ್ರ ಹುಚ್ಚು. ಮರ್ಫಿ ರೇಡಿಯೋ ಅದು, ಅಸಲಿ" ಎಂದರು ಅತ್ತೆ.

ಮರ್ಫಿ ಎಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ. ಫಿಲಿಪ್ಸ್ ಎಂದೂ ಇಲ್ಲ, ಬುಷ್ ಎಂದೂ ಇಲ್ಲ. ಕಂಪನಿ ಹೆಸರು, ಮಾಡೆಲ್ ಸಂಖ್ಯೆ, ವಾಲ್ವುಗಳ (ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆಗಳ) ಪಟ್ಟಿ ಎಲ್ಲವನ್ನೂ ಅಂಟಿಸಿರುವುದು ಸಾಮಾನ್ಯವಾಗಿ ಹಿಂಬದಿಯ ರಟ್ಟಿನ ಮೇಲೆ. ಆ ರಟ್ಟೇ ಇಲ್ಲ. ಮುಂದುಗಡೆ, ಸ್ಪೀಕರ್ ಬಟ್ಟೆಯ ಮೇಲಿನ ಮರದಲ್ಲಿ ಮಾತ್ರ ಎರಡು ಸಣ್ಣ ತೂತುಗಳಿದ್ದವು. ಏನೋ ಒಂದು ಲಾಂಛನ ಅಲ್ಲಿತ್ತು, ಕಿತ್ತುಹೋಗಿದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಪಾಲಿಶ್ ಮಾಸದೆ ಉಳಿದ ಒಂದು ಆಕಾರ ಕಾಣುತ್ತಿತ್ತು: ಕೆಳಗೆ ದುಂಡಗೆ, ಮೇಲೆ ಬಳುಕಿದ ಕೊಕ್ಕೆ. ಎರಡು ರಾತ್ರಿ ನಾನು ಹಳೆಯ ಕಂಪನಿಗಳ ಲಾಂಛನಗಳನ್ನೆಲ್ಲ ಆ ಕೊಕ್ಕೆಯ ಪಕ್ಕ ಇಟ್ಟು ನೋಡಿದೆ. ಒಂದೂ ಕೂಡಲಿಲ್ಲ.

ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಬ್ಬ ಮೇಷ್ಟ್ರಿದ್ದಾರೆ. ಐಟಿಐನಲ್ಲಿ ರೇಡಿಯೋ ಮೆಕ್ಯಾನಿಕ್ ಟ್ರೇಡ್ ಕಲಿಸಿ ನಿವೃತ್ತರಾದವರು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಪ್ಲಗ್ ಹಾಕಿದ್ರಾ?"

"ಇಲ್ಲ ಸರ್."

"ಬದುಕಿದ್ರಿ. ತಗೊಂಡು ಬನ್ನಿ."

ಯಾಕೆ ಹಾಗೆಂದರು ಎನ್ನುವುದು ಅವರ ಮೇಜಿನ ಮೇಲೆ ಚಾಸಿಯನ್ನು, ಅಂದರೆ ಸಾಮಾನೆಲ್ಲ ಕೂರಿಸಿದ ತಗಡಿನ ಚೌಕಟ್ಟನ್ನು, ಪೆಟ್ಟಿಗೆಯಿಂದ ಹೊರಗೆಳೆದಾಗ ತಿಳಿಯಿತು. ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಎಸಿ, ಡಿಸಿ ಎರಡು ಬಗೆಯ ಕರೆಂಟಿನಲ್ಲೂ ನಡೆಯುವ ಎಸಿ-ಡಿಸಿ ಸೆಟ್ ಅದು. ಐದು ವಾಲ್ವುಗಳ ಹೀಟರುಗಳನ್ನು, ಅಂದರೆ ಒಳಗೆ ಕಾಯುವ ತಂತಿಗಳನ್ನು, ಹೂವು ಪೋಣಿಸಿದಂತೆ ಒಂದರ ಹಿಂದೊಂದು ಸೇರಿಸಿ ನೇರವಾಗಿ ಮನೆಯ ಕರೆಂಟಿಗೆ ಕೊಟ್ಟಿರುತ್ತಾರೆ. ಚಾಸಿಯ ತಗಡು ಕರೆಂಟಿನ ಒಂದು ತಂತಿಗೇ ಸೇರಿರುತ್ತದೆ. ಪ್ಲಗ್ಗನ್ನು ತಿರುಗುಮುರುಗಾಗಿ ಚುಚ್ಚಿದರೆ ಇಡೀ ತಗಡಿನಲ್ಲಿ 230 ವೋಲ್ಟ್. ನಾಬ್ ಬಿದ್ದುಹೋದ ಸೆಟ್ಟಿನ ಕಬ್ಬಿಣದ ಕಡ್ಡಿ ಹಿಡಿದು ವಾಲ್ಯೂಮ್ ತಿರುಗಿಸಲು ಹೋಗಿ ಪೆಟ್ಟು ತಿಂದವರು ಹಳಬರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ವಾಲ್ವುಗಳ ಮೇಲಿನ ಅಕ್ಷರಗಳನ್ನು ಮೇಷ್ಟ್ರು ಒರೆಸದೆ, ಭೂತಗನ್ನಡಿ ಹಿಡಿದು ಓದಿದರು. ಒರೆಸಿದರೆ ಆ ಬಣ್ಣ ಬೂದಿಯಂತೆ ಉದುರಿಹೋಗುತ್ತದಂತೆ. ಯುಸಿಎಚ್42, ಯುಎಫ್41, ಯುಬಿಸಿ41, ಯುಎಲ್84, ಯುವೈ41. ಮೊದಲಕ್ಷರ ಯು ಎಂದರೆ ಹೀಟರಿಗೆ 100 ಮಿಲಿ ಆಂಪಿಯರ್, ಸರಣಿಯಲ್ಲಿ ಸೇರಿಸುವ ಜಾತಿ. ಮುಂದಿನ ಅಕ್ಷರಗಳು ಕೆಲಸ ಹೇಳುತ್ತವೆ; ಅಂಕಿಯಲ್ಲಿ ಮೊದಲನೆಯದು ಬುಡದ ಆಕಾರ ಹೇಳುತ್ತದೆ. ನಾಲ್ಕಾದರೆ ಎಂಟು ಕಾಲಿನ ರಿಮ್‌ಲಾಕ್, ಎಂಟಾದರೆ ಒಂಬತ್ತು ಕಾಲಿನ ನೋವಲ್. ಅವರು ಅಲ್ಲೇ ಪೆನ್ಸಿಲಿನಲ್ಲಿ ಕೂಡಿದರು: 14, 12.6, 14, 45, 31. ಒಟ್ಟು 116.6 ವೋಲ್ಟ್. ಉಳಿದ ನೂರಹದಿಮೂರು ವೋಲ್ಟ್ ಒಂದು ದಪ್ಪ ರೆಸಿಸ್ಟರಿನಲ್ಲಿ ಬಿಸಿಯಾಗಿ ಸುಟ್ಟುಹೋಗಬೇಕು. ಆ ರೆಸಿಸ್ಟರ್ ಇದ್ದ ಕಡೆ ಪೆಟ್ಟಿಗೆಯ ಮರ ಕಂದಿ ಕಪ್ಪಾಗಿತ್ತು.

"ಫಿಲಿಪ್ಸ್ ವಾಲ್ವು. ಅಂದ್ಮೇಲೆ ಫಿಲಿಪ್ಸ್ ರೇಡಿಯೋನೇ ಅಲ್ವಾ ಸರ್?" ಎಂದೆ.

"ನಿಮ್ಮ ಕಾರಿಗೆ ಎಂಆರ್‌ಎಫ್ ಟೈರ್ ಇದ್ರೆ ಅದು ಎಂಆರ್‌ಎಫ್ ಕಾರಾ?"

ಅಲ್ಲಿಂದ ಮುಂದೆ ನಾನು ಬಾಯಿ ಮುಚ್ಚಿಕೊಂಡು ಫೋಟೋ ತೆಗೆಯತೊಡಗಿದೆ. ಬೆಸುಗೆ ಬಿಚ್ಚುವುದಕ್ಕೆ, ಕಂಡೆನ್ಸರ್ ಬದಲಿಸುವುದಕ್ಕೆ ಮುಂಚೆ ಎಲ್ಲ ಮೂಲೆಗಳ ಚಿತ್ರ ಇರಲೇಬೇಕು ಎನ್ನುವುದು ಅವರ ಕಟ್ಟಪ್ಪಣೆ. ರಿಪೇರಿ ಆದ ಸೆಟ್ಟು ಹಾಡುತ್ತದೆ, ಆದರೆ ಸಾಕ್ಷಿ ಹೇಳುವುದಿಲ್ಲ ಎನ್ನುತ್ತಾರೆ ಅವರು.

ಮೊದಲ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಡಯಲ್ ಗಾಜಿನಲ್ಲಿ, ಅದೂ ನನಗೇ. ಇವತ್ತಿಗೂ ಅದನ್ನು ಹೇಳಿಕೊಳ್ಳಲು ಹೆಮ್ಮೆ, ಮುಂದೆ ಅದರ ಗತಿ ಏನಾಯಿತು ಎಂಬುದು ಬೇರೆ ಮಾತು. ಗಾಜಿನ ಮೇಲೆ ಒಂದು ಮೀಡಿಯಂ ವೇವ್, ಎರಡು ಶಾರ್ಟ್ ವೇವ್ ಪಟ್ಟಿಗಳು. ಲಾಂಗ್ ವೇವ್ ಇಲ್ಲ. ಯುರೋಪಿನವರಿಗಾಗಿ ಮಾಡಿದ ಸೆಟ್ಟಾದರೆ ಲಾಂಗ್ ವೇವ್ ಇರುತ್ತಿತ್ತು, ಹಿಲ್ವರ್ಸಮ್, ಲಕ್ಸೆಂಬರ್ಗ್ ಎಂಬ ಹೆಸರುಗಳಿರುತ್ತಿದ್ದವು. ಇಲ್ಲಿದ್ದದ್ದು ದೆಹಲಿ, ಬಾಂಬೆ, ಮದ್ರಾಸ್, ತಿರುಚನಾಪಳ್ಳಿ, ಕೊಲಂಬೊ. ಜೊತೆಗೆ ಇಂಗ್ಲಿಷಿನಲ್ಲೇ ಧಾರವಾರ್, ಮೈಸೋರ್. ಬೆಂಗಳೂರು ಮಾತ್ರ ಇಲ್ಲ.

ಮೈಸೂರಿನದು ಗೊತ್ತಿರುವ ಕಥೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ನಿಲಯ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅದರದ್ದು. ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿಯಲ್ಲಿ. ಮೈಸೂರಿನ ನಿಲಯ ಬೆಂಗಳೂರಿಗೆ ಹೋದದ್ದು 1955ರ ನವೆಂಬರಿನಲ್ಲಿ. ಧಾರವಾಡ ಇದೆ, ಮೈಸೂರು ಇದೆ, ಬೆಂಗಳೂರು ಇಲ್ಲ ಎಂದಮೇಲೆ ಈ ಗಾಜು 1950 ಮತ್ತು 1955ರ ನಡುವಿನದು. ರಿಮ್‌ಲಾಕ್ ವಾಲ್ವುಗಳೂ ಅದೇ ಕಾಲದವು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತೆಂದರೆ ಆ ಸಂಜೆ ನಾನು ಮೇಷ್ಟ್ರಿಗೆ ಮಸಾಲೆ ದೋಸೆ ಕೊಡಿಸಿದೆ.

ಕೂಡದ ಸಂಗತಿಗಳೂ ಇದ್ದವು. ಅವನ್ನು ನಾನು ಪಕ್ಕಕ್ಕೆ ತಳ್ಳುತ್ತಾ ಹೋದೆ. ಯುಸಿಎಚ್42ರ ಬುಡದಲ್ಲಿ ಸಣ್ಣಕ್ಷರದಲ್ಲಿ 'ಬಿ8ಡಿ2' ಎಂದಿತ್ತು. ಫಿಲಿಪ್ಸ್-ಮುಲ್ಲಾರ್ಡ್ ಸಂಕೇತದಲ್ಲಿ ಬಿ ಎಂದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, 8 ಎಂದರೆ ವರ್ಷದ ಕೊನೆಯ ಅಂಕಿ, ಡಿ ಎಂದರೆ ನಾಲ್ಕನೇ ತಿಂಗಳು, ಕೊನೆಯ 2 ವಾರ. ಅಂದರೆ 1958ರ ಏಪ್ರಿಲ್. ಹಳೆಯದು ಕೆಟ್ಟಾಗ ಹಾಕಿದ್ದಿರಬೇಕು ಎಂದುಕೊಂಡೆ. ಯುಎಫ್41ರ ಮೇಲೆ ತ್ರಿಕೋನ. ಅದು ಹಾಲೆಂಡಿನ ಹೀರ್ಲೆನ್ ಕಾರ್ಖಾನೆಯ ಗುರುತು. ಯುಎಲ್84ರ ಮೇಲಂತೂ ಬಿಇಎಲ್. ನಮ್ಮ ಜಾಲಹಳ್ಳಿಯದ್ದು. ಬಿಇಎಲ್ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿದ್ದೇ 1961ರಲ್ಲಿ. ಉಳಿದವೆಲ್ಲ ರಿಮ್‌ಲಾಕ್ ಆದ್ದರಿಂದ ಅಲ್ಲಿ ಮೊದಲು ಇದ್ದದ್ದು ಯುಎಲ್41 ಇರಬೇಕು; ಅದು ಬೇಗ ಕೆಡುವುದಕ್ಕೆ ಹೆಸರಾದ ವಾಲ್ವ್. ಯಾರೋ ರಿಪೇರಿಯವರು ಅದರ ಜಾಗಕ್ಕೆ ಒಂದು ತಗಡಿನ ಚೂರು ಹೊದಿಸಿ, ನೋವಲ್ ಹೋಲ್ಡರ್ ಕೂರಿಸಿ, ಇದನ್ನು ಹಾಕಿದ್ದಾರೆ ಎಂದು ನಾನೇ ತೀರ್ಮಾನ ಮಾಡಿದೆ. ಹೀಟರ್ ಎರಡಕ್ಕೂ 45 ವೋಲ್ಟೇ, ಹಾಗಾಗಿ ಸರಣಿ ಕೆಡುವುದಿಲ್ಲ.

ಇನ್ನೊಂದು ತೊಡಕಿತ್ತು. ಮಾವನ ಊರಿಗೆ ಕರೆಂಟು ಬಂದದ್ದೇ 1962ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ರೇಡಿಯೋ ಎಂದರೆ ಬ್ಯಾಟರಿ ಸೆಟ್ಟು. ಹಾಗಾದರೆ ಇದು ಸೆಕೆಂಡ್ ಹ್ಯಾಂಡ್. ಅದನ್ನೂ ಹಾಗೆಯೇ ಮುಗಿಸಿದೆ.

ಉಳಿದ ಸಾಮಾನುಗಳು ಒಂದು ಸಂತೆ. ಟ್ಯೂನಿಂಗಿನ ಗ್ಯಾಂಗ್ ಕಂಡೆನ್ಸರ್ ಲಂಡನ್ನಿನ ಜಾಕ್ಸನ್ ಬ್ರದರ್ಸ್. ಸ್ಪೀಕರ್ ರೋಲಾ. ರೆಸಿಸ್ಟರುಗಳಲ್ಲಿ ಅರ್ಧ ಈಗಿನಂತೆ ಪಟ್ಟೆ ಹಾಕಿದವು, ಅರ್ಧ ಹಳೆಯ ಕ್ರಮದವು: ಮೈಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯದು, ಚುಕ್ಕೆ ಸೊನ್ನೆಗಳ ಲೆಕ್ಕ. ಕಾರ್ಖಾನೆಯವರು ಸಾವಿರಗಟ್ಟಲೆ ಒಂದೇ ಕಡೆಯಿಂದ ತರಿಸುತ್ತಾರೆ. ಹೀಗೆ ಹತ್ತು ಕಡೆಯ ಮಾಲು ಒಂದು ಸೆಟ್ಟಿನಲ್ಲಿ ಸೇರುವುದು ಅಪರೂಪ. ಚಾಸಿಯ ತೂತುಗಳ ಅಂಚಿನಲ್ಲಿ ಅರದ ಗೆರೆಗಳು. ವಾಲ್ವ್ ಹೋಲ್ಡರುಗಳಿಗೆ ರಿವೆಟ್ ಬದಲು ಸ್ಕ್ರೂ, ನಟ್ಟು. ಒಂದು ಮೂಲೆಯಲ್ಲಿ ದೊಡ್ಡ ಚೌಕ ಕಂಡಿ, ಅದನ್ನು ಅಲ್ಯೂಮಿನಿಯಂ ತಗಡಿನಿಂದ ಮುಚ್ಚಿದ್ದಾರೆ. ತಪಾಸಣೆಯವರ ರಬ್ಬರ್ ಸೀಲಿಲ್ಲ, ಸರಣಿ ಸಂಖ್ಯೆ ಕೊರೆದಿಲ್ಲ.

"ಇದು ಯಾವ ಕಂಪನಿದೂ ಅಲ್ಲ, ಅಸೆಂಬಲ್ ಸೆಟ್ಟು" ಎಂದರು ಮೇಷ್ಟ್ರು. ಆಗ ಬಾಂಬೆಯ ಲ್ಯಾಮಿಂಗ್ಟನ್ ರಸ್ತೆ, ಮದ್ರಾಸಿನ ರಿಚೀ ಸ್ಟ್ರೀಟ್, ನಮ್ಮ ಎಸ್.ಪಿ. ರೋಡಿನಂಥ ಕಡೆಗಳಿಂದ ಬಿಡಿ ಸಾಮಾನು ತಂದು, ಬಡಗಿಯಿಂದ ಪೆಟ್ಟಿಗೆ ಮಾಡಿಸಿ ಮಾರುತ್ತಿದ್ದವರು ಊರೂರಿಗೆ ಇದ್ದರು ಎಂದರು. ಅವರಲ್ಲಿ ಯಾರೆಂದು ಹುಡುಕುವುದು? ಬಾಂಬೆಯವನೋ, ಬೆಂಗಳೂರಿನವನೋ? ನನಗೆ ಆಸೆ ಬತ್ತಿತು. ಅಸೆಂಬಲ್ ಎಂಬ ಮಾತು ಕೇಳಿದ ಕೂಡಲೇ ಆ ಸೆಟ್ಟಿನ ಬೆಲೆ ನನ್ನ ಮನಸ್ಸಿನಲ್ಲಿ ಇಳಿದುಹೋಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೇಷ್ಟ್ರಿಗೆ ಹಾಗಾಗಲಿಲ್ಲ. ಅವರು ಚಾಸಿಯನ್ನು ಮಗುಚಿ ಇಟ್ಟುಕೊಂಡು ಅರ್ಧ ಗಂಟೆ ಸುಮ್ಮನೆ ಕೂತರು. ಆಮೇಲೆ ನನ್ನನ್ನು ಕರೆದು ತಂತಿಗಳ ಕಟ್ಟು ತೋರಿಸಿದರು. ಒಂದೇ ದಾರಿಯಲ್ಲಿ ಹೋಗುವ ನಾಲ್ಕೈದು ತಂತಿಗಳನ್ನು ಒಟ್ಟು ಸೇರಿಸಿ ಮೇಣದ ದಾರದಲ್ಲಿ ಬಿಗಿದಿತ್ತು. ಬೆರಳಗಲಕ್ಕೊಂದು ಗಂಟು. ರೇಡಿಯೋದವರು ಹಾಕುವ ಗಂಟಲ್ಲ ಅದು. ಸುತ್ತಿ, ತಿರುವಿ, ಒಳಗಿನಿಂದ ಎಳೆದ ಗಂಟು.

"ಇದು ಹೂ ಕಟ್ಟೋ ಗಂಟು ಕಣ್ರೀ."

ನಿಜ. ನನ್ನ ಅಮ್ಮ ದಿನಾ ಸಂಜೆ ಕನಕಾಂಬರಕ್ಕೆ ಹಾಕುವ ಗಂಟು. ನಾನು ನಗುವಷ್ಟರಲ್ಲಿ ಅವರ ಬೆರಳು ಯುಎಲ್84ರ ಹೋಲ್ಡರಿನ ಕಡೆ ಹೋಯಿತು. ಆಮೇಲೆ ಯಾರೋ ರಿಪೇರಿಯವರು ಹಾಕಿದ್ದು ಎಂದು ನಾನು ತೀರ್ಮಾನಿಸಿದ್ದ ಜಾಗ. ಅಲ್ಲಿನ ತಂತಿಗೂ ಅದೇ ದಾರ, ಅದೇ ಗಂಟು. ಬೆಸುಗೆಯ ಕಾಲನ್ನು ಒಂದೂವರೆ ಸುತ್ತು ಸುತ್ತಿ ತುದಿಯನ್ನು ಎಡಕ್ಕೆ ಕತ್ತರಿಸುವ ಅಭ್ಯಾಸವೂ ಅದೇ. ಕಟ್ಟಿದವನೂ ಇದನ್ನು ಹಾಕಿದವನೂ ಒಬ್ಬನೇ. ಬಾಂಬೆಯಲ್ಲಿ ಕಟ್ಟಿದವನು ವರ್ಷಗಳ ಮೇಲೆ ತೀರ್ಥಹಳ್ಳಿಯ ಕಾಡಿಗೆ ಬಂದು ವಾಲ್ವ್ ಬದಲಿಸುವುದಿಲ್ಲ. ಮಾಡಿದವನು ಕೈಗೆಟುಕುವ ದೂರದಲ್ಲೇ ಇದ್ದ.

ಆ ರಾತ್ರಿ ಖಾಲಿ ಪೆಟ್ಟಿಗೆಯ ಒಳತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ: ೧೭. ಚಾಸಿಯ ಅಂಚಿನ ಮಸಿ ಕೆರೆದರೆ ಅಲ್ಲೂ ೧೭, ಮೊಳೆಯಲ್ಲಿ ಗೀಚಿದ್ದು. ಯಾವ ಪೆಟ್ಟಿಗೆಗೆ ಯಾವ ಚಾಸಿ ಎಂದು ಮರೆಯದಿರಲು ಹಾಕಿಕೊಂಡ ಗುರುತು. ಅಂಕಿ ಕನ್ನಡದ್ದು.

ಮರುದಿನ ಅತ್ತೆಗೆ ಫೋನ್ ಮಾಡಿದೆ. ಮಾವನ ಕಾಗದಪತ್ರದಲ್ಲಿ ರೇಡಿಯೋ ಲೈಸೆನ್ಸ್ ಪುಸ್ತಕ ಇದೆಯಾ ನೋಡಿ ಎಂದೆ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು. ಕಂದಾಯದ ರಶೀದಿಗಳ ಕಟ್ಟಿನಲ್ಲಿ ಪುಸ್ತಕ ಸಿಕ್ಕಿತು. ಮೊದಲ ಮುದ್ರೆ 1963. ಓದಿ ಹೇಳಿದ ಅತ್ತೆ ಆಮೇಲೆ ತಾವಾಗಿಯೇ, "ಶಿವಮೊಗ್ಗದಿಂದ ಬರ್ತಿದ್ರಲ್ಲ, ಅವ್ರು ಹೇಳಿದ್ರು ಅಂತ ನಿಮ್ಮ ಮಾವ ತಪ್ಪದೆ ಕಟ್ತಿದ್ರು" ಎಂದರು.

"ಯಾರು ಬರ್ತಿದ್ರು ಅತ್ತೆ?"

"ರೇಡಿಯೋ ಮಾಡಿ ಕೊಟ್ಟೋರು. ಮಳೆಗಾಲ ಮುಗಿದ ಮೇಲೆ ವರ್ಷಾ ಬಂದು ಏರಿಯಲ್ ಬಿಗಿದು, ಒಳಗೆಲ್ಲ ಒರೆಸಿ ಹೋಗೋರು. ದುಡ್ಡು ತಗೊಳ್ತಿರ್ಲಿಲ್ಲ, ಅಡಿಕೆ ತಗೊಂಡು ಹೋಗ್ತಿದ್ರು."

"ಇದನ್ನ ಮೊದ್ಲೇ ಹೇಳಬಾರ್ದಿತ್ತಾ?"

"ನೀ ಯಾವ ಕಂಪನಿ ಅಂತ ಕೇಳ್ದೆ. ಯಾರು ಮಾಡಿದ್ದು ಅಂತ ಎಲ್ಲಿ ಕೇಳ್ದೆ?"

ಅವರ ಹೆಸರು ಅತ್ತೆಗೆ ನೆನಪಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಓಣಿಯಲ್ಲಿ ಅಂಗಡಿ ಎಂಬುದೂ ನೆನಪಿತ್ತು. ಆ ಓಣಿಯಲ್ಲಿ ಎರಡು ಬೆಳಗು ಅಲೆದೆ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಎದುರಿನ ಹೊಲಿಗೆಯವರು ಮನೆ ತೋರಿಸಿದರು. ರೇಡಿಯೋ ಮಾಡಿದವರು ತೀರಿಕೊಂಡು ಬಹಳ ವರ್ಷವಾಗಿದೆ, ಮನೆಯಲ್ಲಿದ್ದದ್ದು ಮಗಳು, ಎಪ್ಪತ್ತರ ಹತ್ತಿರದವರು. ಅಪ್ಪನ ಹೆಸರು ಎಲ್ಲೂ ಬರೆಯಬೇಡಿ ಎಂದಿದ್ದಾರೆ. ಅದಕ್ಕೇ ಇಲ್ಲಿ ಹೆಸರಿಲ್ಲ.

ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಪೆಟ್ಟಿಗೆ ನೋಡಿ ಅವರೇನೂ ಹೇಳಲಿಲ್ಲ. ತಂತಿಯ ಕಟ್ಟಿನ ಚಿತ್ರ ಬಂದಾಗ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. "ಅಜ್ಜಿ ಹೂವಿನ ವ್ಯಾಪಾರ ಮಾಡ್ತಿದ್ರು. ಅಪ್ಪ ಸ್ಕೂಲಿಗೆ ಹೋಗೋ ಮುಂಚೆ ಹತ್ತು ಮೊಳ ಕಟ್ಟಿಟ್ಟು ಹೋಗ್ಬೇಕಿತ್ತಂತೆ" ಎಂದರು.

ಅದೊಂದೇ ಸಾಕು ಎನ್ನಿಸಿದರೂ ಮೇಷ್ಟ್ರ ಮುಖ ನೆನಪಾಯಿತು. ಅಪ್ಪನ ಸಾಮಾನು ಏನಾದರೂ ಉಳಿದಿದೆಯಾ ಅಮ್ಮ ಎಂದು ಕೇಳಿದೆ. ಲೆಕ್ಕದ ಪುಸ್ತಕ ಗೆದ್ದಲು ತಿಂದಿತ್ತು. ಆದರೆ ಮಂಚದ ಕೆಳಗಿನ ಟ್ರಂಕಿನಲ್ಲಿ ಒಂದು ದಪ್ಪ ತಗಡಿನ ಹಾಳೆ ಇತ್ತು, ತೂತುಗಳ ಮಾದರಿ. ಅದನ್ನು ಚಾಸಿಯ ಮೇಲಿಟ್ಟು ಗೀಚಿ ತೂತು ಕೊರೆಯುವುದು. ಮೂಲೆಯಲ್ಲಿ ಅದೇ ಚೌಕ ಕಂಡಿ: ಟ್ರಾನ್ಸ್‌ಫಾರ್ಮರ್ ಕೂರಿಸುವ ಜಾಗ. ಎಸಿ ಸೆಟ್ಟಿಗೂ ಎಸಿ-ಡಿಸಿ ಸೆಟ್ಟಿಗೂ ಅವರದ್ದು ಒಂದೇ ಮಾದರಿ. ಟ್ರಾನ್ಸ್‌ಫಾರ್ಮರಿಗೆ ದುಡ್ಡು ಕೊಡಲಾಗದವರಿಗೆ ಆ ಕಂಡಿಯನ್ನು ಮುಚ್ಚಿ, ದಪ್ಪ ರೆಸಿಸ್ಟರ್ ಹಾಕಿ ಕೊಡುತ್ತಿದ್ದರು. ಮಾವ ಆಗ ಹೊಸದಾಗಿ ಪಾಲಾಗಿ ಬೇರೆ ಒಲೆ ಹೂಡಿದ್ದ ಕಾಲ.

ಟ್ರಂಕಿನ ತಳದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಮೂರು ಡಯಲ್ ಗಾಜುಗಳು. ಬಿಚ್ಚಿದರೆ ದೆಹಲಿ, ಬಾಂಬೆ, ಮದ್ರಾಸ್, ಧಾರವಾರ್, ಮೈಸೋರ್. ಬೆಂಗಳೂರು ಇಲ್ಲ.

"ಬೆಂಗಳೂರು ಇಲ್ಲ ಅಂತಾನೇ ಅಗ್ಗದಲ್ಲಿ ಸಿಕ್ಕಿದ್ದು" ಎಂದು ಆಕೆ ನಕ್ಕರು. ನಿಲಯ ಬೆಂಗಳೂರಿಗೆ ಹೋದ ಮೇಲೆ ಹಳೆಯ ಗಾಜು ಯಾರಿಗೆ ಬೇಕು? ಅಪ್ಪ ಎಸ್.ಪಿ. ರೋಡಿನಲ್ಲಿ ಒಂದು ಪೆಟ್ಟಿಗೆ ಗಾಜನ್ನು ಮಿಕ್ಕ ರಿಮ್‌ಲಾಕ್ ವಾಲ್ವುಗಳ ಜೊತೆ ಕಡಿಮೆ ರೇಟಿಗೆ ತಂದಿದ್ದರಂತೆ. ಯುಎಲ್41 ಸಿಗದ ಕಡೆ ಬಿಇಎಲ್ ವಾಲ್ವ್ ಹಾಕುತ್ತಿದ್ದರಂತೆ. ನನ್ನ ಮಸಾಲೆ ದೋಸೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಗಾಜಿನ ವಯಸ್ಸು ಸೆಟ್ಟಿನ ವಯಸ್ಸಲ್ಲ. 1958ರ ವಾಲ್ವ್, 1961ರ ನಂತರದ ಬಿಇಎಲ್, 1962ರ ಕರೆಂಟು, 1963ರ ಲೈಸೆನ್ಸ್ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು, ಯಾರೂ ಏನನ್ನೂ ಬದಲಿಸಿರಲಿಲ್ಲ, ಸೆಟ್ಟು ಹುಟ್ಟಿದ್ದೇ ಹಾಗೆ. ನಾನು ಒಂದು ಚೆಂದದ ಗಾಜನ್ನು ನಂಬಿ ನಾಲ್ಕು ಸಾಕ್ಷಿಗಳ ಬಾಯಿ ಮುಚ್ಚಿಸಿದ್ದೆ.

ಲಾಂಛನದ ಬಗ್ಗೆಯೂ ಕೇಳಿದೆ. ಅದು ಹಂಸ. ಹಿತ್ತಾಳೆಯದು, ಬೀರುವಿನ ಬಾಗಿಲಿಗೆ ಅಲಂಕಾರಕ್ಕೆ ಹಾಕುವ ಸಾಮಾನು, ಹಾರ್ಡ್‌ವೇರ್ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ತರುತ್ತಿದ್ದರು. ಏನೂ ಇಲ್ಲದಿದ್ದರೆ ಗಿರಾಕಿಗಳಿಗೆ ಮನಸ್ಸು ಒಪ್ಪುತ್ತಿರಲಿಲ್ಲವಂತೆ. ನಾನು ಎರಡು ರಾತ್ರಿ ತಲೆ ಕೆಡಿಸಿಕೊಂಡಿದ್ದ ಕೊಕ್ಕೆ ಹಂಸದ ಕುತ್ತಿಗೆ. ಹದಿನೇಳನೆಯದು ಎಂದರೆ ಎಷ್ಟರಲ್ಲಿ ಹದಿನೇಳು ಎಂದದ್ದಕ್ಕೆ, ಮೂವತ್ತೋ ನಲವತ್ತೋ ಮಾಡಿರಬಹುದು, ಆಮೇಲೆ ಟ್ರಾನ್ಸಿಸ್ಟರ್ ಬಂತಲ್ಲ ಎಂದರು.

ಹೊರಡುವಾಗ ಒಂದು ಗಾಜು ಕೊಟ್ಟರು. ನನ್ನ ಸೆಟ್ಟಿನ ಗಾಜು ಚೆನ್ನಾಗಿಯೇ ಇದೆ ಎಂದೆ. ಒಡೆದರೆ ಇರಲಿ ಎಂದರು.

ಮೇಷ್ಟ್ರು ಆಮೇಲೆ ಹತ್ತು ದಿನ ಕೆಲಸ ಮಾಡಿದರು. ಕಾಗದದ ಕಂಡೆನ್ಸರುಗಳೆಲ್ಲ ಸೋರುತ್ತಿದ್ದವು. ಯುಎಲ್84ರ ಗ್ರಿಡ್ಡಿಗೆ ಹೋಗುವುದೊಂದು ಸೋರಿದರೂ ಆ ವಾಲ್ವ್ ಕಾದು ಸಾಯುತ್ತದೆ ಎಂದು ಅದನ್ನು ಎಲ್ಲಕ್ಕಿಂತ ಮೊದಲು ಬದಲಿಸಿದರು. ಕಿತ್ತ ಸಾಮಾನನ್ನೆಲ್ಲ ಡಬ್ಬಿಯಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಟ್ಟರು. ದಾರದ ಒಂದು ಗಂಟನ್ನೂ ಬಿಚ್ಚಲಿಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ, ಸೀರಿಸ್ ಬಲ್ಬು ಇಟ್ಟು ಕರೆಂಟು ಕೊಟ್ಟಾಗ ವಾಲ್ವುಗಳು ಒಂದೊಂದಾಗಿ ಕೆಂಪಾದವು. ಮುಳ್ಳು ಮೆಲ್ಲಗೆ ಸರಿಸುತ್ತಾ ಹೋದಾಗ ಗಾಜಿನ ಮೇಲೆ ಯಾರೋ ಇಟ್ಟಿದ್ದ ಒಂದು ಕೆಂಪು ಚುಕ್ಕೆಯ ಹತ್ತಿರ ಕನ್ನಡ ಕೇಳಿಸಿತು. ಭದ್ರಾವತಿ. ಈ ಗಾಜು ಅಚ್ಚಾದಾಗ ಆ ನಿಲಯವೇ ಹುಟ್ಟಿರಲಿಲ್ಲ. ಚುಕ್ಕೆಯನ್ನು ಮೇಷ್ಟ್ರು ಉಗುರಿನಲ್ಲಿ ಮುಟ್ಟಿ ನೋಡಿ, ನೇಲ್ ಪಾಲಿಶ್ ಎಂದರು.

ಆ ರಾತ್ರಿಯೇ ಅತ್ತೆಗೆ ಫೋನ್ ಮಾಡಿ ಎಲ್ಲ ಕಥೆ ಹೇಳಿದೆ: ತಗಡಿನ ಮಾದರಿ, ಹೂವಿನ ಗಂಟು, ಹಂಸ, ಅಂಗಡಿ. ಚುಕ್ಕೆ ಇಟ್ಟವರು ತಾವೇ ಎಂದು ಅವರು ಒಪ್ಪಿಕೊಂಡರು. ಹಂಸ ಕಿತ್ತದ್ದು ತಮ್ಮ ಚಿಕ್ಕ ಮಗ, ಗಾಡಿ ಆಟಕ್ಕೆ ಎಂದರು. ಕೊನೆಯಲ್ಲಿ ಫೋನ್ ಇಡುವ ಮುಂಚೆ ಕೇಳಿದರು:

"ಅದಿರ್ಲಿ, ಮರ್ಫಿ ಹಾಡ್ತದನಾ ಈಗ?"